ಯಾರದೋ ಬುಧವಾರ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನನಗೆ ಪರೀಕ್ಷೆಯ ಹೆದರಿಕೆ ಶುರುವಾಗುತ್ತದೆ. ಹುಬ್ಬಳ್ಳಿಯಲ್ಲಿ ಹೈಸ್ಕೂಲು ಟೀಚರಾಗಿರುವ ನನ್ನ ಮಗಳು ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಯಜಮಾನಿ. ವರ್ಷವಿಡೀ ಮಕ್ಕಳಿಗೆ ಹೋಮ್‌ವರ್ಕ್ ಕೊಟ್ಟು ಕೈ ಪಳಗಿಸಿಕೊಂಡವಳು ವರ್ಷದ ಕೊನೆಗೆ ನಮಗೂ ಒಂದು ಕೊಡುತ್ತಾಳೆ. ‘ಈ ವರ್ಷ ಮರೆಯಲಾಗದ ಗಳಿಗೆ ಯಾವುದು, ಹೊಸದಾಗಿ ಹಿಡಿದ ರೂಢಿ ಯಾವುದು, ಎಲ್ಲರೂ ಬರೆಯತಕ್ಕದ್ದು. ಬೇರೆಯವರದ್ದು ಫಾರ್ವರ್ಡ್ ಮಾಡಿದರೆ ಸೊನ್ನೆ.’ ಈ ಸಲ ನನ್ನ ಭಾವ ಬೆಳಿಗ್ಗೆ ಐದಕ್ಕೆ ಎದ್ದು ಬಿಸಿನೀರು ಕುಡಿಯುವುದನ್ನು ಬರೆದ. ಅವನ ಹೆಂಡತಿ, ಅವನು ಐದಕ್ಕೆ ಏಳುವುದೇ ಸುಳ್ಳು ಎಂದು ಕೆಳಗೆ ಬರೆದಳು. ನಾನು ತುಂಬ ಹೊತ್ತು ಯೋಚಿಸಿ, ಕನ್ನಡಕ ಒರೆಸಿ, ಒಂದು ಸಾಲು ಹಾಕಿದೆ: ‘ಬುಧವಾರ ಮೀನು ತಿನ್ನುವುದನ್ನು ಬಿಟ್ಟೆ.’

ಅಷ್ಟಕ್ಕೇ ಗುಂಪಿಗೆ ಜೀವ ಬಂತು. ಯಾವ ದೇವರಿಗೆ ಎಂದು ಒಬ್ಬರು, ಡಾಕ್ಟರು ಹೇಳಿದ್ರಾ ಎಂದು ಇನ್ನೊಬ್ಬರು. ಯಾರೋ ಕೈಮುಗಿದ ಚಿತ್ರ ಹಾಕಿದರು, ಯಾರೋ ಅಳುವ ಮುಖ ಹಾಕಿದರು. ಕೊನೆಗೆ ಮಗಳು ಬಂದು, ‘ಅಪ್ಪಾ, ಕಾರಣ ಬರೀಲಿಲ್ಲ, ಅರ್ಧ ಮಾರ್ಕು’ ಎಂದು ಹೋದಳು.

ಕಾರಣ ನನಗೆ ಸರಿಯಾಗಿ ಗೊತ್ತಿದ್ದರೆ ಬರೆಯುತ್ತಿದ್ದೆ ಸ್ವಾಮಿ. ಒಬ್ಬ ಮನುಷ್ಯ ತಾನು ಯಾಕೆ ಉಪವಾಸ ಮಾಡುತ್ತಿದ್ದೇನೆ ಎಂಬುದೇ ಗೊತ್ತಿಲ್ಲದೆ ವಾರಕ್ಕೊಮ್ಮೆ ಮಜ್ಜಿಗೆ ಅನ್ನ ಉಣ್ಣುತ್ತಿದ್ದಾನೆ ಎಂದು ಗುಂಪಿನಲ್ಲಿ ಹೇಗೆ ಬರೆಯುವುದು? ನಿಮಗೆ ಪುರುಸೊತ್ತು ಇದ್ದ ಹಾಗೆ ಕಾಣುತ್ತದೆ, ಹಾಗಾಗಿ ನಿಮ್ಮೆದುರು ಹೇಳಿ ನೋಡುತ್ತೇನೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾದರೂ ಆದೀತು.

ಮೊದಲು ನಮ್ಮ ಕಡೆಯ ವಾರದ ವಿಚಾರ ತಿಳಿಯಬೇಕು. ಕಾರವಾರ, ಅಂಕೋಲೆಯ ಮೀನು ತಿನ್ನುವ ಮನೆಗಳಲ್ಲಿ ವಾರವನ್ನು ಗುರುತಿಸುವುದು ಮೀನಿನಿಂದ. ಸೋಮವಾರ ಶಿವನದು, ಮೀನಿಲ್ಲ. ಗುರುವಾರ ಕೆಲವರಿಗೆ ಇಲ್ಲ, ಶುಕ್ರವಾರ, ಶನಿವಾರ ಇನ್ನು ಕೆಲವರಿಗೆ ಇಲ್ಲ. ನಮ್ಮ ಎಡಗಡೆ ಮನೆಯವರು ಮಂಗಳವಾರ ಒಲೆಗೆ ಮೀನು ಹಾಕುವುದಿಲ್ಲ, ಆದರೆ ಹೋಟೆಲಿನಲ್ಲಿ ತಿನ್ನಲು ಅವರ ದೇವರ ಅಡ್ಡಿಯಿಲ್ಲ. ಹೊಸ ಸೊಸೆ ಮನೆಗೆ ಬಂದರೆ ಮೊದಲು ಕಲಿಯುವುದು ಅತ್ತೆಯ ಸ್ವಭಾವವನ್ನಲ್ಲ, ಆ ಮನೆಯ ವಾರಗಳನ್ನು. ಇಷ್ಟೆಲ್ಲ ದೇವರುಗಳು ದಿನ ಹಂಚಿಕೊಂಡ ಮೇಲೆ ಉಳಿಯುವುದು ಭಾನುವಾರ ಮತ್ತು ಬುಧವಾರ. ಬುಧವಾರದ ಮೇಲೆ ಯಾವ ದೇವರಿಗೂ ಹಕ್ಕಿಲ್ಲ. ಅದು ಅಪ್ಪಟ ಮೀನಿನ ದಿನ. ಅಂಥ ಬುಧವಾರವನ್ನೇ ಹುಡುಕಿ ಮೀನು ಬಿಟ್ಟವಳು ನನ್ನ ಅವ್ವಿ, ಅಂದರೆ ನನ್ನ ತಾಯಿ.

ಆಗ ನಾವು ಅಂಕೋಲೆಯ ಶೆಟಗೇರಿಯಲ್ಲಿದ್ದೆವು. ಅಪ್ಪನಿಗೆ ಒಂದಿಷ್ಟು ಗದ್ದೆ, ಒಂದು ಎಮ್ಮೆ, ಮೂಗಿನ ತುದಿಯಲ್ಲಿ ಕೋಪ. ಅವ್ವಿ ಬುಧವಾರ ನಮಗೆಲ್ಲ ಮೀನು ಸಾರು ಮಾಡುತ್ತಿದ್ದಳು. ತಾನು ಮಾತ್ರ ಮಜ್ಜಿಗೆ ಅನ್ನಕ್ಕೆ ಮಾವಿನ ಮಿಡಿ ಹಚ್ಚಿಕೊಂಡು ಬಾಗಿಲ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಳು. ಅಡುಗೆ ಮಾಡುವವಳು ರುಚಿ ನೋಡದೆ ಹೇಗೆ? ಅದಕ್ಕೆ ನಾನಿದ್ದೆ. ಮಡಕೆಯಿಂದ ಬಂಗಡೆಯ ಒಂದು ತುಂಡು ತೆಗೆದು, ಎರಡು ಬೆರಳಿನಲ್ಲಿ ಮುಳ್ಳು ಬಿಡಿಸಿ, ಉಫ್ ಉಫ್ ಎಂದು ಊದಿ, ‘ತಮ್ಮಾ, ಉಪ್ಪು ನೋಡು’ ಎಂದು ಬಾಯಿಗಿಡುತ್ತಿದ್ದಳು. ನಾನು ಕಣ್ಣು ಮುಚ್ಚಿ, ದೊಡ್ಡ ಪಂಡಿತನ ಗತ್ತಿನಲ್ಲಿ ತಡಮಾಡಿ, ‘ಸಮಾ ಇತ್ತು’ ಎನ್ನುತ್ತಿದ್ದೆ. ಉಪ್ಪು ಕಮ್ಮಿ ಎಂದರೆ ಎರಡನೇ ತುಂಡು ಸಿಗುತ್ತದೆ ಎಂದು ಬೇಗನೇ ಕಂಡುಕೊಂಡೆ. ಆಮೇಲೆ ಶೆಟಗೇರಿಯಲ್ಲಿ ಬುಧವಾರದ ಉಪ್ಪು ಸದಾ ಕಮ್ಮಿಯಾಗತೊಡಗಿತು, ಅಪ್ಪ ನೀರು ಕುಡಿದು ಕುಡಿದು ಬೈಯತೊಡಗಿದ.

ಅವ್ವಿ ಯಾಕೆ ತಿನ್ನುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ, ನನ್ನ ಸಲುವಾಗಿ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಸಣ್ಣವನಿದ್ದಾಗ ನನಗೆ ವಿಷಮ ಜ್ವರ ಬಂದು, ಬದುಕಿದ್ದೇ ಹೆಚ್ಚು ಎಂದು ಊರೆಲ್ಲ ಹೇಳುತ್ತಿತ್ತು. ಅವ್ವಿಯ ಬುಧವಾರ ಶುರುವಾದದ್ದೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ. ಇದ್ದ ಒಬ್ಬನೇ ಮಗ ಬದುಕಲಿ ಎಂದು ಹರಕೆ ಹೊತ್ತಿದ್ದಾಳೆ, ಅಷ್ಟೇ. ಹೊತ್ತ ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆ ಎಂದು ನಮ್ಮವರು ನಂಬುವುದರಿಂದ ಅವಳೂ ಹೇಳಲಿಲ್ಲ. ನನಗಂತೂ ಒಳಗೊಳಗೇ ಹೆಮ್ಮೆ. ನನ್ನ ಜೀವವೆಂದರೆ ವಾರಕ್ಕೊಂದು ಬಂಗಡೆ ಬೆಲೆಬಾಳುವ ವಸ್ತು. ಗಣಿತದಲ್ಲಿ ಫೇಲಾದ ದಿನ ಮಾತ್ರ, ಪಾಪ, ಇಂಥವನಿಗಾಗಿ ಇಷ್ಟೊಂದು ಮೀನು ದಂಡವಾಯಿತಲ್ಲ ಎನ್ನಿಸಿತ್ತು.

ಆಗ ಮೀನು ತರುತ್ತಿದ್ದವಳು ಕೇಣಿಯ ದುರ್ಗಿ. ಬುಟ್ಟಿ ಹೊತ್ತು ಸಮುದ್ರದ ಕಡೆಯಿಂದ ನಡೆದೇ ಬರುತ್ತಿದ್ದಳು. ಅವಳ ಹಿಂದೆ ಮೂಗು ಸೋರಿಸಿಕೊಂಡು ಒಂದು ಹುಡುಗಿ ಬರುತ್ತಿತ್ತು. ಆ ಹುಡುಗಿಯೇ ಶೇವಂತಿ. ಮಾಜಾಳಿಗೆ ಮದುವೆಯಾಗಿ ಹೋಗಿ, ಅಜ್ಜಿಯಾಗಿ, ಈಗ ಕಾರವಾರದಲ್ಲಿ ನಮ್ಮ ಗೇಟಿನ ಮುಂದೆ ‘ನುಸ್ತೇ... ಬಂಗ್ಡೇ...’ ಎಂದು ಕೊಂಕಣಿಯಲ್ಲಿ ಮೀನು ಕೂಗುತ್ತಾಳೆ. ಅವಳ ಕೂಗಿಗೆ ನಮ್ಮ ಓಣಿಯ ಬೆಕ್ಕುಗಳು ಸರ್ಕಾರಿ ನೌಕರರಿಗಿಂತ ಸಮಯಕ್ಕೆ ಸರಿಯಾಗಿ ಹಾಜರಾಗುತ್ತವೆ. ಸರ್ಕಾರಿ ನೌಕರರ ಸಮಯ ನನಗೆ ಚೆನ್ನಾಗಿ ಗೊತ್ತು, ನಾನೂ ಅದೇ ಪೈಕಿ. ಗುಮಾಸ್ತನಾಗಿ ಸೇರಿ, ಒಂದೇ ಒಂದು ಮೆಟ್ಟಿಲು ಹತ್ತಿ, ಅಲ್ಲೇ ಕೂತು ನಿವೃತ್ತನಾದವನು.

ಅಪ್ಪ ಹೋದ ಮೇಲೆ ಅವ್ವಿ ನಮ್ಮ ಜೊತೆ ಕಾರವಾರಕ್ಕೆ ಬಂದಳು. ಬುಧವಾರವೂ ಅವಳ ಜೊತೆಗೇ ಬಂತು. ಇಷ್ಟು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ಈ ವರ್ಷ ಸುಗ್ಗಿಯ ಹೊತ್ತಿಗೆ ತಪ್ಪಿತು. ವಯಸ್ಸಾದವರಿಗೆ ಮರೆವು ಬೇರೆ ಬೇರೆ ಬಾಗಿಲಿನಿಂದ ಬರುತ್ತದಂತೆ. ಕೆಲವರು ಮಗಳ ಹೆಸರು ಮರೆಯುತ್ತಾರೆ, ಕೆಲವರು ಮನೆಯ ದಾರಿ ಮರೆಯುತ್ತಾರೆ. ನಮ್ಮ ಅವ್ವಿ ಬುಧವಾರ ಮರೆತಳು. ಬಟ್ಟಲ ಮುಂದೆ ಕೂತು, ‘ಬಂಗಡೆ ತಲೆ ಎಲ್ಲಿ? ನಂಗೆ ಇಡ್ಲಿಲ್ಲ?’ ಎಂದಳು. ನನ್ನ ಹೆಂಡತಿ ಸುಮನಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

‘ಅವ್ವಿ, ಇವತ್ತು ಬುಧವಾರ’ ಎಂದೆ ನಾನು.

‘ಆದ್ರೆ ಎಂತಾತು?’

‘ಬುಧವಾರ ನೀ ಮೀನು ತಿಂಬುದಿಲ್ಲಲ.’

‘ನಾನಾ? ಮೀನು ಬಿಡೂಕೆ ನಂಗೆ ಹುಚ್ಚಾ?’

ಕಷ್ಟ ಏನೆಂದರೆ ಅಲ್ಲಿಂದ ಮುಂದೆ ಅವಳ ಊಟ ಇಳಿಯುತ್ತ ಹೋಯಿತು. ಉಳಿದ ದಿನ ಎಂಥ ಮೀನು ಮಾಡಿದರೂ ಎರಡು ತುತ್ತಿಗೆ ಬಟ್ಟಲು ಸರಿಸಿ ಏಳುತ್ತಿದ್ದಳು. ಮುಂಗೈ ಬಳೆ ಮೊಣಕೈಯವರೆಗೆ ಜಾರುತ್ತಿತ್ತು. ಅದೇನು ವಿಚಿತ್ರವೋ, ವಾರ ಯಾವುದು ಎಂದು ಕೇಳಿದರೆ ಹೇಳಲಾಗದ ಅವಳಿಗೆ ಬುಧವಾರ ಬೆಳಗಾದರೆ ಸಾಕು, ಹಸಿವು. ಅಷ್ಟೂ ವರ್ಷದ ಬುಧವಾರಗಳು ಒಟ್ಟಿಗೇ ಬಂದು ಬಾಗಿಲು ತಟ್ಟಿದ ಹಾಗೆ ಮೀನು ಮೀನು ಎನ್ನುತ್ತಿದ್ದಳು. ಡಾಕ್ಟರು, ‘ಕೇಳಿದ್ದು ಕೊಡಿ, ಹೊಟ್ಟೆಗೆ ಏನಾದರೂ ಹೋಗಬೇಕು, ಇಲ್ಲದಿದ್ದರೆ ಹೆಚ್ಚು ದಿನ ಎಳೆಯುವುದು ಕಷ್ಟ’ ಎಂದುಬಿಟ್ಟರು.

ನೀವಾದರೆ ಏನು ಮಾಡುತ್ತಿದ್ದಿರಿ? ಕೊಡುತ್ತಿದ್ದಿರಿ. ನಾನು ಕೊಡಲಿಲ್ಲ. ಕಚೇರಿಯಲ್ಲಿ ಮುಂಗೈಗೆ ದಾರ ಕಟ್ಟಿಕೊಂಡು ಬಂದವರನ್ನೆಲ್ಲ ಗೇಲಿ ಮಾಡುತ್ತಿದ್ದ ಮಹಾ ವಿಚಾರವಂತ ನಾನು. ಆದರೆ ಅದೇ ತಿಂಗಳು ನನ್ನ ಬಿಪಿ ಏರಿತ್ತು. ಅವ್ವಿ ಮೀನು ಕೇಳಿದಾಗಲೆಲ್ಲ ನನ್ನ ಎದೆಯ ಎಡಗಡೆ ಏನೋ ಚುಚ್ಚುತ್ತಿತ್ತು. ಯಾರ ಜೀವಕ್ಕೆ ಆ ಹರಕೆಯೋ ಅವನು ನಾನು, ಅದನ್ನು ಮುರಿಯಲು ಮೀನು ಬಡಿಸಬೇಕಾದವನೂ ನಾನು. ಒಂದು ಬಂಗಡೆಯ ಆಚೆ ತಾಯಿ, ಈಚೆ ಮಗ.

ಹಾಗಾಗಿ ಬುಧವಾರ ಬೆಳಿಗ್ಗೆ ನಾನೊಂದು ಹೊಸ ವ್ರತ ಹಿಡಿದೆ. ಶೇವಂತಿಯ ಕೂಗು ಅವ್ವಿಯ ಕಿವಿಗೆ ಬೀಳಬಾರದೆಂದು ಗೇಟಿಗೆ ಓಡುವುದು. ಚಪ್ಪಲಿ ಹಾಕಿಕೊಳ್ಳಲೂ ಪುರುಸೊತ್ತಿಲ್ಲ, ಲುಂಗಿ ಎತ್ತಿ ಕಟ್ಟಿಕೊಂಡು ಓಟ. ‘ಶೇವಂತಿ, ಬುಧವಾರ ಒಂದು ನಮ್ಮ ಮನೆ ಎದುರು ಕೂಗಬೇಡ’ ಎಂದು ಕೇಳಿಕೊಂಡೆ. ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ಹೌದು ಹೌದು ಅಣ್ಣಾ, ಬಾಯಿಯ ಬುಧವಾರ, ನಂಗೆ ಗೊತ್ತಿಲ್ವಾ’ ಎಂದು ಮೆಲ್ಲಗೆ ಬುಟ್ಟಿ ಎತ್ತಿಕೊಂಡು ಹೋದಳು. ಶೇವಂತಿ ಅವ್ವಿಯನ್ನು ಮೊದಲಿನಿಂದಲೂ ಬಾಯಿ ಎಂದೇ ಕರೆಯುತ್ತಾಳೆ. ನನ್ನ ಮಾತಿಗೆ ಇಷ್ಟು ಬೆಲೆ ಇದೆಯಲ್ಲ ಎಂದು ಬೀಗಿದೆ. ಒಳಗೆ ಬಂದರೆ ಅವ್ವಿ, ‘ದುರ್ಗಿ ಬಂದಂಗಾತು’ ಎಂದಳು. ‘ಇಲ್ಲ ಅವ್ವಿ, ಇವತ್ತು ದೋಣಿ ಹೋಗ್ಲಿಲ್ಲಂತೆ’ ಎಂದೆ. ಅವಳು ಬೆಕ್ಕುಗಳು ಓಡಿದ ದಿಕ್ಕನ್ನೇ ನೋಡಿದಳು.

ಮೇ ತಿಂಗಳಲ್ಲಿ ಅಂಕೋಲೆಯ ಬಸ್ಸು ಹತ್ತಿದೆ. ಹರಕೆ ಏನು, ಯಾವ ದೇವರಿಗೆ, ಎಷ್ಟು ದಿನಕ್ಕೆ ಎಂದು ಗೊತ್ತಾದರೆ ಬಿಡಿಸಿಕೊಳ್ಳಲು ಏನಾದರೂ ದಾರಿ ಇದ್ದೀತು ಎಂಬ ಆಸೆ. ಬಿಣಗಾ ಘಟ್ಟ ಇಳಿಯುವಾಗ ಸಮುದ್ರ ಕಾಣುವ ಬದಿಯ ಸೀಟು ಸಿಕ್ಕಿತು. ಈ ವರ್ಷದ ಮರೆಯಲಾಗದ ಗಳಿಗೆಗಳಲ್ಲಿ ಅದನ್ನೂ ಸೇರಿಸಬಹುದು, ಆ ಸೀಟು ನನಗೆ ಯಾವತ್ತೂ ಸಿಗುವುದಿಲ್ಲ.

ಶೆಟಗೇರಿಯಲ್ಲಿ ಅವ್ವಿಯ ತಂಗಿ ಇದ್ದಾಳೆ, ನನ್ನ ಚಿಕ್ಕವ್ವ. ಹಿತ್ತಲಿನ ಈಶಾಡ ಮಾವಿನ ಹಣ್ಣು ಕೊಯ್ದು ನನ್ನ ಮುಂದಿಟ್ಟು, ನನ್ನ ಪ್ರಶ್ನೆ ಕೇಳಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

‘ನಿನ್ನ ಸಲುವಾಗಾ? ಯಾರ ಹೇಳದ್ರಾ ನಿಂಗೆ? ನಿಮ್ಮನೆ ಎಮ್ಮೆ ಕಳದೋಗಿತ್ತು ತಮ್ಮಾ. ಗಬ್ಬದ ಎಮ್ಮೆ. ನಿನ್ನ ಅಪ್ಪ ಮನೆ ಹೊಕ್ಕೂಕೆ ಬಿಡ್ಲಿಲ್ಲ ಅಕ್ಕಂಗೆ. ಅದು ಬರ್ಲಿ ಅಂದ್ಕಂಡು ಮೀನು ಬಿಟ್ಟಿತ್ತು.’

‘ಎಮ್ಮೆ ಸಿಕ್ತಾ?’

‘ಸಿಕ್ಕದೆ ಎಂತಾ? ನೀ ಅದ್ರ ಹಾಲೇ ಕುಡ್ದವ ಅಲ್ದಾ?’

ಬಾಯಲ್ಲಿದ್ದ ಮಾವು ಸಪ್ಪೆಯಾಯಿತು. ಅರುವತ್ತು ದಾಟಿದ ಮೇಲೆ ಒಬ್ಬ ಮನುಷ್ಯನನ್ನು ಹೀಗೆ ಎಮ್ಮೆಗಿಂತ ಕೆಳಕ್ಕೆ ಇಳಿಸಬಾರದು. ಆದರೆ ಚಿಕ್ಕವ್ವನ ನೆನಪೂ ನಂಬುವ ಹಾಗಿಲ್ಲ, ನಾನು ಹೊರಡುವಾಗ ಅವಳು ನನ್ನನ್ನು ನನ್ನ ಅಪ್ಪನ ಹೆಸರಿನಿಂದ ಕರೆದಳು. ಹಾಗಾಗಿ ದೇವರನ್ನೇ ಕೇಳಿಬಿಡುವುದೆಂದು ಊರಮ್ಮನ ಗುಡಿಗೆ ಹೋದೆ. ಪೂಜೆ ಮಾಡುವ ಗುನಗ ನನ್ನ ಕತೆ ಕೇಳಿ, ದೇವಿಯ ಮೂರ್ತಿಗೆ ಹೂವಿನ ಪ್ರಸಾದ ಹಚ್ಚಿದ. ಬಲಕ್ಕೆ ಬಿದ್ದರೆ ಹರಕೆ ನನ್ನದು, ಎಡಕ್ಕೆ ಬಿದ್ದರೆ ಬೇರೆಯವರದ್ದು ಎಂದು ನಾನು ಮನಸ್ಸಿನಲ್ಲಿ ಕೇಳಿಕೊಂಡೆ. ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಅಲ್ಲೇ ಅಂಟಿಕೊಂಡು ಕೂತಿತು. ಕಾದೆವು. ಗುನಗ ಒಂದು ಸಲ ಕೆಮ್ಮಿ ನೋಡಿದ. ಕೊನೆಗೆ ಅವನಿಗೂ ಬೇಜಾರು ಬಂತು.

‘ನಡೆಸ್ದವ್ರಿಗೇ ಮರ್ತೋದ್ರೆ ಎಂತಾ ಮಾಡೂದು? ಮನೇಲಿ ಯಾರಾರೂ ಒಬ್ರು ಮುಂದೆ ನಡೆಸ್ಕಂಡು ಹೋಗಿ’ ಎಂದ.

ಮನೆಗೆ ಬಂದು ಇದನ್ನು ಹೇಳಿದರೆ ಸುಮನ ಹೂಂ ಎಂದಳು, ಅಷ್ಟೇ. ಅಷ್ಟರಲ್ಲಿ ಮಳೆಗಾಲ ಬಂತು. ದೊಡ್ಡ ದೋಣಿಗಳು ದಡ ಹತ್ತಿದವು, ಮಾರುಕಟ್ಟೆಯಲ್ಲಿ ತಾಜಾ ಬಂಗಡೆ ಇಲ್ಲ. ನನಗೆ ನಿರಾಳ. ಸುಳ್ಳು ಹೇಳದೆಯೇ ಮೀನಿಲ್ಲ ಎನ್ನಬಹುದಾಗಿತ್ತು. ಆಮೇಲೆ ಶ್ರಾವಣ. ಚೌತಿ ಮುಗಿದು ಮೊದಲ ಬುಧವಾರ ಶೇವಂತಿ ಬಾಯಿ ಮುಚ್ಚಿಕೊಂಡೇ ಬಂದಳು, ಆದರೆ ವಾಸನೆಯನ್ನು ಮುಚ್ಚುವವರು ಯಾರು? ಅವ್ವಿ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಿದ್ದಳು. ಸೀರೆಯೊಳಗೆ ಅವಳು ಇದ್ದಾಳೋ ಇಲ್ಲವೋ ಎನ್ನುವ ಹಾಗಿದ್ದಳು. ನಾನು ಗೇಟಿನಿಂದ ಬರಿಗೈಯಲ್ಲಿ ತಿರುಗಿ ಬರುವುದನ್ನು ನೋಡಿ, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಅವತ್ತು ಸುಮನ ಕೇಳಿದಳು: ‘ನಂಗೆ ಒಂದು ಹೇಳಿ. ನೀವು ಹೆದರ್ತಾ ಇರೋದು ಅತ್ತೆ ಹರಕೆಗಾ, ನಿಮ್ಮ ಬಿಪಿಗಾ?’

ಇಂಥ ಪ್ರಶ್ನೆಗೆ ಮೂವತ್ತು ವರ್ಷ ಸಂಸಾರ ಮಾಡಿದವರು ಉತ್ತರ ಕೊಡಬಾರದು. ನಾನು ಚಪ್ಪಲಿ ಮೆಟ್ಟಿ ಹೊರಗೆ ಓಡಿದೆ. ಶೇವಂತಿ ಮೂರು ಮನೆ ಆಚೆ ಸಿಕ್ಕಳು. ಬಂಗಡೆ ತಂದೆ. ಸುಮನ ಮೀನಿಗೆಂದೇ ಇರುವ ಘಾಟಿನ ಮಸಾಲೆ ಜುಮ್ಮನಕಾಯಿ ಹಾಕಿ ಸಾರು ಮಾಡಿದಳು. ಅವ್ವಿ ಉಂಡಳು. ತಲೆ ಚೀಪಿ, ಬೆರಳು ಚೀಪಿ, ಇನ್ನೊಂದು ಸೌಟು ಅನ್ನ ಕೇಳಿ ಉಂಡಳು. ನಾನು ಎದುರು ಕೂತು ಮಜ್ಜಿಗೆ ಅನ್ನ ಕಲಸಿಕೊಂಡೆ, ಮಾವಿನ ಮಿಡಿ ಕಚ್ಚಿದೆ. ಹರಕೆ ಜ್ವರದ್ದಿರಲಿ, ಎಮ್ಮೆಯದಿರಲಿ, ಮುರಿಯುವುದು ಬೇಡ, ನಾನು ಹೊರುತ್ತೇನೆ ಎಂದು ಯಾವ ದೇವರಿಗೆ ಹೇಳಬೇಕೆಂದು ತಿಳಿಯದೆ ಸೀಲಿಂಗ್ ಫ್ಯಾನಿಗೆ ಹೇಳಿದೆ. ನನ್ನ ಜೀವಕ್ಕೆ ಹೊತ್ತ ಹರಕೆಯನ್ನು ನಾನೇ ನಡೆಸಿದರೆ ನಡೆಯುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಅವತ್ತು ಅವ್ವಿಯ ಬಟ್ಟಲು ನೋಡಿ ನನಗೆ ಅಳು ಬಂತು. ಸಂತೋಷಕ್ಕೋ, ಬಂಗಡೆ ತಪ್ಪಿದ್ದಕ್ಕೋ ಎಂದು ಸುಮನ ಕೇಳಿದಳು. ಅದೂ ಸರಿಯಾಗಿ ಗೊತ್ತಾಗಲಿಲ್ಲ.

ಹೀಗೆ ನಾಲ್ಕಾರು ವಾರ ನಡೆದು ಅವ್ವಿಯ ಕೆನ್ನೆ ಸ್ವಲ್ಪ ತುಂಬಿತು. ಬುಧವಾರ ಉಂಡ ಹುಮ್ಮಸ್ಸಿಗೆ ಉಳಿದ ದಿನವೂ ಅಷ್ಟಿಷ್ಟು ಉಣ್ಣತೊಡಗಿದಳು. ಎಲ್ಲ ಸರಿಹೋಯಿತು ಎಂದುಕೊಳ್ಳುವಾಗ ದೀಪಾವಳಿ ಕಳೆದ ಮೇಲೆ ಒಂದು ಬುಧವಾರ ಮಧ್ಯಾಹ್ನ ಶೇವಂತಿ ಹಿತ್ತಲ ಬಾಗಿಲಿಗೆ ಬಂದಳು. ಬುಟ್ಟಿ ಖಾಲಿಯಾಗಿತ್ತು, ಕುಡಿಯಲು ನೀರು ಬೇಕಿತ್ತು. ಅವ್ವಿ ಅಲ್ಲೇ ಜಗಲಿಯಲ್ಲಿ ಕೂತು ಬಂಗಡೆಯ ಮುಳ್ಳು ಬಿಡಿಸುತ್ತಿದ್ದಳು.

ಶೇವಂತಿ ಚೊಂಬು ಹಿಡಿದವಳು ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತಳು.

‘ಬಾಯಿ ತಿಂತಾ ಇದ್ರಾ? ಬುಧವಾರ?’ ಎಂದಳು. ‘ನಾ ಅಂದ್ಕಂಡೆ ನಿಮಗೆ ತಕಂತಾ ಇದ್ರಿ. ಎಷ್ಟು ದಿನ ಆಯ್ತು ಅಣ್ಣಾ?’

ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. ‘ಅದಕ್ಕೂ ನಿನಗೂ ಎಂತಾ ಸಂಬಂಧ ಶೇವಂತಿ?’ ಎಂದೆ.

‘ನಂದೇ ಅಲ್ಲವಾ ಅದು!’

ಆಮೇಲೆ ಅವಳು ಹೇಳಿದ್ದನ್ನು ಹೇಳುತ್ತೇನೆ. ಒಂದು ವರ್ಷ ಗಾಳಿ ಎದ್ದು ಶೇವಂತಿಯ ಅಪ್ಪನ ದೋಣಿ ಕೇಣಿಗೆ ತಿರುಗಿ ಬರಲಿಲ್ಲ. ದುರ್ಗಿ ಎಂದಿನಂತೆ ಶೆಟಗೇರಿಗೆ ಬಂದು, ನಮ್ಮ ಅಂಗಳದಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಳಂತೆ. ಮಾರಲು ಮೀನಿಲ್ಲ, ಮನೆಯಲ್ಲಿ ಕೂರಲು ಮನಸ್ಸಿಲ್ಲ, ಕಾಲು ತಾನಾಗಿ ಇಲ್ಲಿಗೆ ಬಂದಿತ್ತು. ಅವತ್ತು ಬುಧವಾರ. ಅವ್ವಿ ಅವಳ ಪಕ್ಕ ಕೂತು, ‘ನಿನ್ನ ಗಂಡ ಬರ್ಲಿ, ನಾ ಬುಧವಾರ ಮೀನು ಬಾಯಿಗೆ ಹಾಕೂದಿಲ್ಲ’ ಎಂದಳಂತೆ. ಮೂಗು ಸೋರಿಸುತ್ತಿದ್ದ ಹುಡುಗಿ ಅದನ್ನು ಕೇಳಿಸಿಕೊಂಡಿತ್ತು. ಕೆಲವು ದಿನಕ್ಕೆ ಅವನು ಗೋವೆಯ ಕಡೆ ದಡ ಸೇರಿದ್ದಾನೆಂದು ಸುದ್ದಿ ಬಂತು, ಆಮೇಲೆ ಅವನೇ ಬಂದ.

‘ನಿನ್ನ ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತಲ್ಲ, ಮನೆಯಲ್ಲೇ ಹೋದವ. ಅವ್ವಿ ಆವಾಗ್ಲೇ ಬಿಡಬಹುದಿತ್ತು’ ಎಂದೆ.

‘ಬಿಡ್ತೆ ಅಂದಿದ್ರು. ನಾನೇ ಬೇಡ ಅಂದೆ. ನನ್ನ ಮಗ ಆವಾಗ ಬೋಟಿಗೆ ಹೋಗ್ಲಿಕ್ಕೆ ಸುರು ಮಾಡಿದ್ದ. ಬಾಯಿ ನಕ್ರು. ಆಯ್ತು, ಅಜ್ಜನಿಂದ ಮೊಮ್ಮಗಂಗೆ ಅಂದ್ರು.’ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಅವ ಈಗ್ಲೂ ನೀರ ಮೇಲೇ ಇದ್ದಾನೆ ಅಣ್ಣಾ.’

ಅವಳಿಗೆ ಸಮಾಧಾನ ಹೇಳಬೇಕಿತ್ತು. ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನ್ನ ಜ್ವರಕ್ಕಲ್ಲ, ನಮ್ಮ ಎಮ್ಮೆಗೂ ಅಲ್ಲ, ಮೀನು ಮಾರುವವಳ ಗಂಡನಿಗಾಗಿ! ಹಾಗಾದರೆ ನನ್ನ ಜ್ವರ ಬಿಟ್ಟದ್ದು ಯಾರ ಹರಕೆಯಿಂದ? ಬರೀ ಔಷಧದಿಂದಲಾ? ಇಷ್ಟು ವರ್ಷ ಅವ್ವಿಯ ಬುಧವಾರಗಳನ್ನು ನನ್ನ ಆಸ್ತಿ ಎಂದು ತಿಳಿದು ಬದುಕಿದ್ದೆನಲ್ಲ. ಜ್ವರ, ಎಮ್ಮೆ, ದೋಣಿ ಮೂರೂ ಒಂದೇ ವರ್ಷದ್ದೋ, ಮೂರಕ್ಕೂ ಸೇರಿ ಒಂದೇ ಬುಧವಾರವೋ ಎಂದೂ ಯೋಚಿಸಿದೆ. ಕೇಳೋಣವೆಂದರೆ ಅವ್ವಿ ಮುಳ್ಳಿನಲ್ಲಿ ಮಗ್ನಳಾಗಿದ್ದಳು.

ಆಮೇಲೆ ಸುಮನಳೇ ಒಳಗಿನಿಂದ ಬಂದು, ‘ಅತ್ತೆ ತಿಂದ್ರೆ ಎಂತಾ ಆಯ್ತು? ಇವ್ರು ಬಿಟ್ಟಿದ್ದಾರೆ. ಚೌತಿಯಿಂದ ಒಂದು ಬುಧವಾರನೂ ಮುಟ್ಲಿಲ್ಲ’ ಎಂದಳು.

ಶೇವಂತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮೀನು ತಾಜಾ ಹೌದೋ ಅಲ್ಲವೋ ಎಂದು ಗಿರಾಕಿ ನೋಡುವ ಹಾಗೆ.

‘ಖರೇ?’

‘ಖರೇ.’

‘ಬಿಡಬೇಡಿ ಹಂಗಾದ್ರೆ’ ಎಂದು ನೀರು ಕುಡಿದು ಎದ್ದಳು.

ಅಲ್ಲಿಂದ ಬುಧವಾರ ನನಗೆ ಬೇರೆಯೇ ಆಯಿತು. ಮೊದಲು ಬಂಗಡೆಯ ವಾಸನೆ ಬಂದರೆ ನನ್ನ ಎದೆಯ ಬಗ್ಗೆ ಯೋಚಿಸುತ್ತಿದ್ದೆ, ಈಗ ಗಾಳಿಯ ಬಗ್ಗೆ ಯೋಚಿಸುತ್ತೇನೆ. ಬೀಚಿನಲ್ಲಿ ಬೆಳಿಗ್ಗೆ ನಮ್ಮಂಥ ನಿವೃತ್ತರು ಒಬ್ಬರಿಗೊಬ್ಬರು ನಮಸ್ಕಾರದ ಬದಲು ಸಕ್ಕರೆಯ ಲೆಕ್ಕ ಹೇಳಿಕೊಂಡು ನಡೆಯುವಾಗ ನಾನು ನೀರಿನ ಕಡೆ ನೋಡುತ್ತ ಹಿಂದೆ ಬೀಳುತ್ತೇನೆ. ಶೇವಂತಿಯ ಮಗನನ್ನು ನಾನು ಕಂಡದ್ದು ಎರಡೋ ಮೂರೋ ಸಲ. ನನ್ನ ಒಂದು ಹೊತ್ತಿನ ಮಜ್ಜಿಗೆ ಅನ್ನದಿಂದ ಅವನ ಬೋಟಿಗೆ ಏನಾಗುತ್ತದೆ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಬಿಟ್ಟರೆ ಏನಾಗುತ್ತದೆ ಎಂದು ನೋಡುವ ಧೈರ್ಯವೂ ಇಲ್ಲ.

ಗುಂಪಿನಲ್ಲಿ ಆ ಒಂದು ಸಾಲು ಹಾಕಿದ್ದು ಮೊನ್ನೆ ಮಂಗಳವಾರ. ಕಾರಣ ಹೇಗೆ ಬರೆಯಲಿ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ನಿನ್ನೆ ಬುಧವಾರ ಬಂತು. ಬೆಳಿಗ್ಗೆ ಗೇಟಿನಲ್ಲಿ ಶೇವಂತಿ, ‘ಮಗ ಸೋಮವಾರ ಹೋದವ, ನಾಳೆ ಬೆಳಿಗ್ಗೆ ಬರಬೇಕು. ಗಾಳಿ ಸಮಾ ಇಲ್ಲ ಅಣ್ಣಾ’ ಎಂದು ಹೇಳಿ, ಅವ್ವಿಗೆಂದು ಒಳ್ಳೆಯ ಬಂಗಡೆ ಆರಿಸಿ ಕೊಟ್ಟಳು. ತೆಂಗಿನ ಗರಿಗಳು ನಿನ್ನೆ ಇಡೀ ದಿನ ಒಂದೇ ಕಡೆ ಬಾಗಿ ನಿಂತಿದ್ದವು.

ಮಧ್ಯಾಹ್ನ ಹಿತ್ತಲ ಜಗಲಿಯಲ್ಲಿ ಅವ್ವಿ, ಎದುರಿಗೆ ನಾನು. ಅವ್ವಿ ಅರ್ಧ ಉಂಡು ಕೈ ನಿಲ್ಲಿಸಿದಳು. ಬೆನ್ನಿನ ಕಡೆಯ ಒಂದು ತುಂಡು ತೆಗೆದಳು. ಎರಡು ಬೆರಳಿನಲ್ಲಿ ಮುಳ್ಳು ಬಿಡಿಸಿದಳು. ಆರಿ ತಣ್ಣಗಾಗಿದ್ದ ಅದನ್ನು ಉಫ್ ಉಫ್ ಎಂದು ಊದಿದಳು. ನನ್ನ ಬಾಯಿಯ ಹತ್ತಿರ ಹಿಡಿದು, ‘ತಮ್ಮಾ, ಉಪ್ಪು ನೋಡು’ ಎಂದಳು.

ಅವಳು ನನ್ನನ್ನು ತಮ್ಮಾ ಎಂದು ಕರೆದು ಬಹಳ ತಿಂಗಳಾಗಿತ್ತು. ಗುರುತು ಹಿಡಿದಳಲ್ಲ ಎಂಬ ಖುಷಿಗೆ, ಮತ್ತೆ ಆ ತುಂಡನ್ನು ತಪ್ಪಿಸಿಕೊಳ್ಳುವ ಗಡಿಬಿಡಿಗೆ, ಬಾಯಿಗೆ ಬಂದದ್ದು ಹೇಳಿಬಿಟ್ಟೆ: ‘ಅವ್ವಿ, ಇವತ್ತು ಬುಧವಾರ.’

ಅವಳ ಕೈ ಅಲ್ಲೇ ನಿಂತಿತು.

‘ಬುಧವಾರವಾ?’

ತನ್ನ ಬಟ್ಟಲು ನೋಡಿಕೊಂಡಳು. ಚೀಪಿಟ್ಟ ತಲೆ, ಬದಿಗಿಟ್ಟ ಮುಳ್ಳು. ‘ನಾ ತಿಂದೆನಾ? ಅಯ್ಯೋ ತಮ್ಮಾ, ದುರ್ಗಿ ಗಂಡ ಇನ್ನೂ ಬರ್ಲಿಲ್ಲಲಾ! ಅದು ಅಂಗಳದಾಗೆ ಕುಂತಿತ್ತು, ಖಾಲಿ ಬುಟ್ಟಿ ಇಟ್ಕಂಡು. ನಾ ತಿಂದ್ಬಿಟ್ಟೆನಾ?’

ವರ್ಷವಿಡೀ ನಾನು ಬಸ್ಸು ಹತ್ತಿ, ಹೂವು ಹಚ್ಚಿಸಿ ಹುಡುಕಿದ ಉತ್ತರ ಇದು. ಈಗ ಅದು ಸಿಕ್ಕಿತ್ತು, ನನಗೆ ಬೇಡವಾಗಿತ್ತು.

‘ಇಲ್ಲ ಅವ್ವಿ. ತಪ್ಪಿ ಹೇಳ್ದೆ. ಇವತ್ತು ಮಂಗಳವಾರ’ ಎಂದೆ.

‘ಖರೇ?’

‘ಖರೇ.’

ಅವಳು ನನ್ನ ಮುಖವನ್ನೇ ನೋಡಿದಳು. ಕೈಯಲ್ಲಿ ಆ ತುಂಡು ಇನ್ನೂ ಹಾಗೇ ಇತ್ತು.

‘ಹಂಗಾರೆ ತಿನ್ನು’ ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಸುಮನ ನಿಂತಿದ್ದಳು. ‘ನಾ ನೋಡ್ತೆ ಅತ್ತೆ ಉಪ್ಪು’ ಎಂದು ಮುಂದೆ ಬಂದಳು. ಅವ್ವಿ ಅವಳ ಕಡೆ ತಿರುಗಲೂ ಇಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಮಂಗಳವಾರ ಸುಳ್ಳಾಗುತ್ತದೆ. ಬಾಯಿ ತೆರೆದರೆ ಅಲ್ಲಿ ನೀರಿನ ಮೇಲೆ ಒಬ್ಬನಿದ್ದಾನೆ. ಗರಿಗಳ ಸದ್ದು ಕೇಳುತ್ತಿತ್ತು. ನಾನು ಬಾಯಿ ತೆರೆದೆ. ಕಣ್ಣು ಮುಚ್ಚಿದ್ದು ಮಾತ್ರ ಗತ್ತಿಗಲ್ಲ.

ಉಪ್ಪು ಒಂದು ಚೂರು ಕಮ್ಮಿ ಇತ್ತು. ‘ಸಮಾ ಇತ್ತು’ ಎಂದೆ.

ಅವ್ವಿ ಉಳಿದದ್ದನ್ನೆಲ್ಲ ಉಂಡು ಕೈ ತೊಳೆದು ಮಲಗಿದಳು.

ಇವತ್ತು ಗುರುವಾರ ನಾನು ಬೆಳಕು ಹರಿಯುವ ಮೊದಲೇ ಗೇಟಿಗೆ ಹೋಗಿ ನಿಂತೆ. ಸುಮನ ಚಾ ತಂದು ಕಂಪೌಂಡಿನ ಮೇಲೆ ಇಟ್ಟಳು. ಅದು ಕೆನೆಗಟ್ಟಿ ತಣ್ಣಗಾಯಿತು. ಮಾಜಾಳಿಯಿಂದ ಮೀನಿನವರನ್ನು ತರುವ ರಿಕ್ಷಾ ಬಂದು ಹೋದ ಸದ್ದು ಕೇಳಿತು, ಅದರ ಹಿಂದೆ ಕೂಗು ಮಾತ್ರ ಇಲ್ಲ. ಬೆಕ್ಕುಗಳೂ ನನ್ನ ಜೊತೆ ರಸ್ತೆ ನೋಡುತ್ತ ಕೂತಿದ್ದವು. ಯಾವ ಕೂಗಿನ ಬಾಯಿ ಮುಚ್ಚಿಸಲು ಈ ವರ್ಷ ಬರಿಗಾಲಲ್ಲಿ ಓಡಿದ್ದೆನೋ ಅದೇ ಕೂಗಿಗಾಗಿ ನಾನು ದೇವರು, ಫ್ಯಾನು ಎಲ್ಲರನ್ನೂ ಕೇಳಿಕೊಂಡೆ. ಶೇವಂತಿ ಬರದಿದ್ದರೆ ಯಾಕೆ ಬರಲಿಲ್ಲ ಎಂದು ನಾನು ಯಾರಲ್ಲಿ ಕೇಳಲಿ, ಕೇಳಿ ಏನು ಹೇಳಲಿ?

ಓಣಿಯ ತಿರುವಿನಲ್ಲಿ ಬೆಕ್ಕುಗಳು ಮೊದಲು ಎದ್ದವು. ಆಮೇಲೆ ಕೇಳಿತು. ‘ನುಸ್ತೇ... ಬಂಗ್ಡೇ...’

ಶೇವಂತಿ ಬುಟ್ಟಿ ಇಳಿಸಿ ನನ್ನ ಮುಖ ನೋಡಿದಳು. ನಾನು ಏನೂ ಹೇಳುವ ಮೊದಲೇ, ‘ಎಂತಾ ಆಯ್ತು ಅಣ್ಣಾ? ಬಾಯಿ ನಿನ್ನೆ ಸಮಾ ಉಂಡ್ರಾ?’ ಎಂದಳು.

‘ಉಂಡ್ಲು. ಪೂರಾ ಉಂಡ್ಲು’ ಎಂದೆ. ‘ಮಗ ಬಂದನಾ?’

‘ಬಂದ. ಗಂಜಿ ಕುಡ್ದು ಮಲಗಿದ್ದಾನೆ.’ ಅವಳು ಬುಟ್ಟಿಯ ಮೇಲಿನ ಬಾಳೆಲೆ ಸರಿಸಿದಳು. ‘ಇವತ್ತು ಗುರುವಾರ, ನಿಮಗೂ ಆಗ್ತದೆ. ಎಷ್ಟು ಹಾಕಲಿ?’

‘ಅವ್ವಿಗೆ, ಸುಮನಂಗೆ ಸಾಕಾಗುವಷ್ಟು ಹಾಕು. ನನಗೆ ಇವತ್ತೂ ಬೇಡ’ ಎಂದೆ.

ಶೇವಂತಿ ಮೀನು ಎಣಿಸಿ ಹಾಕಿ ಬುಟ್ಟಿ ಎತ್ತಿಕೊಂಡಳು. ಅವಳು ಆಚೆ ಮನೆಯ ಮುಂದೆ ಹೋಗಿ ದೊಡ್ಡದಾಗಿ ಕೂಗಿದ ಮೇಲೆ ನಾನು ಆ ತಣ್ಣಗಿನ ಚಾ ಕುಡಿದೆ.